ದೊಡ್ಡಮನೆಗೆ ಬೀಗ, ಮಗಳ ಪಾಲು ಎಲ್ಲಿ?

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದವರು ಪುಣ್ಯವಂತರು. ಜೋಳದ ಹೊಲ, ಗದ್ದೆಗಳ ನಡುವೆ ಅಡಿಕೆ ತೋಟ ಕಾಣತೊಡಗಿದ ಹಾಗೆ ರಸ್ತೆಯಿಂದ ಕೊಂಚ ಒಳಗೆ ಹೆಂಚಿನ ಮಾಡು ಇಳಿಬಿಟ್ಟ ಒಂದೊಂದು ದೊಡ್ಡಮನೆ ಕಣ್ಣಿಗೆ ಬೀಳುತ್ತದೆ. ಮುಂದೆ ಉದ್ದನೆ ಜಗಲಿ, ಅಂಗಳ, ಅದರಾಚೆ ತೋಟ. "ಇದ್ರೆ ಇಂಥ ಮನೇಲಿರ್ಬೇಕು ಕಣ್ರೀ" ಅಂತ ಪಕ್ಕದ ಸೀಟಿನವರು ಹೇಳದೆ ಬಿಡುವುದಿಲ್ಲ. ಆದರೆ ಬಾಗಿಲು ನೋಡಿ ಸ್ವಾಮಿ. ಎಷ್ಟೋ ಕಡೆ ಬೀಗ!

ಈ ಮನೆಗಳನ್ನು ಯಾರೂ ಷೋಕಿಗೆ ಇಷ್ಟು ದೊಡ್ಡದಾಗಿ ಕಟ್ಟಿದ್ದಲ್ಲ. ಜಗಲಿ ಬಂದವರಿಗೆ, ಅಂಗಳ ಅಡಿಕೆ ಒಣಗಿಸಲಿಕ್ಕೆ, ಅಟ್ಟ ಸಾಮಾನಿಗೆ, ಒಳಗಿನ ಕತ್ತಲೆ ಕೋಣೆ ಬಾಣಂತಿಗೆ. ಹಿಂದೆ ಕೊಟ್ಟಿಗೆ. ಹಿತ್ತಲಲ್ಲಿ ಬಚ್ಚಲ ನೀರು ಕುಡಿದೇ ಬೆಳೆದ ಬಾಳೆ, ಕೆಸು, ದಾಸವಾಳ. ಅಡಿಕೆ ಕೊಯ್ಲು ಬಂತೆಂದರೆ ರಾತ್ರಿಯೆಲ್ಲ ಸುಲಿತ. ಮೆಟ್ಟುಗತ್ತಿ ಮುಂದೆ ಮನೆಯವರು, ಕೇರಿಯವರು ಸಾಲಾಗಿ ಕೂರಬೇಕು. ಜಾಗ ಬೇಡವೆ?

ಇನ್ನು ಕಣಜ. ಅದರೊಳಗಿನ ಭತ್ತದಲ್ಲಿ ಮನೆಯವರೇ ಬೆಳೆದದ್ದೂ ಇತ್ತು, ಗೇಣಿ ಭತ್ತವೂ ಇತ್ತು. ಗೇಣಿ ಅಳೆಯುವ ಕೊಳಗದ ವಿಷಯಕ್ಕೇ ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ ಕಿಡಿ ಹತ್ತಿದ್ದು. ಒಡೆಯರ ಕೊಳಗ ದೊಡ್ಡದು ಎಂಬುದು ಗೇಣಿದಾರರ ದೂರು. ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ 1951ರಲ್ಲಿ ಸತ್ಯಾಗ್ರಹ ನಡೆಯಿತು. ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಮುಂದೆ ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು, ಉಳುವವರು ಅರ್ಜಿ ಹಾಕಿ ಹಕ್ಕು ಪಡೆದರು. ದೊಡ್ಡಮನೆಯ ಕಣಜ ಬರಿದಾಯಿತು. ಆಗಬೇಕಾದ್ದೇ ಆಯಿತು ಅನ್ನಿ.

ಸ್ವಂತ ತೋಟ ಮಾತ್ರ ಉಳಿಯಿತು. ಅದೇ ತೋಟದ ದುಡ್ಡಲ್ಲಿ ಓದಿದ ಮಕ್ಕಳು ಬೆಂಗಳೂರು ಸೇರಿದರು. ಹೆಂಚಿನ ಮನೆ ಅಂದರೆ ಕರೆಯೋ ಎಮ್ಮೆ ಇದ್ದ ಹಾಗೆ, ದಿನಾ ನೋಡಬೇಕು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಬೇಕು. ಒಂದೇ ಒಂದು ಹೆಂಚು ಜಾರಿದರೂ ಸಾಕು, ಪಕಾಸಿ ನೆನೆಯುತ್ತದೆ, ಒರಲೆ ಹತ್ತುತ್ತದೆ, ಮಣ್ಣಿನ ಗೋಡೆ ಹೊಟ್ಟೆ ಬಿಡುತ್ತದೆ. ಆಮೇಲೆ ಕಂಬ, ಬಾಗಿಲುವಾಡ ಕೇಳಿಕೊಂಡು ಹಳೇ ಮರದ ವ್ಯಾಪಾರದವರು ಬರುತ್ತಾರೆ.

ರಿಪೇರಿ ಮಾಡಿಸಬಾರದೆ? ಮಾಡಿಸಬಹುದು. ಖರ್ಚು ಯಾರದ್ದು? ಖಾತೆ ಇನ್ನೂ ಅಜ್ಜನ ಹೆಸರಲ್ಲೇ ಇರುತ್ತದೆ! ಅಣ್ಣ ತಮ್ಮನ ಕಡೆ ಕೈ ತೋರಿಸುತ್ತಾನೆ, ತಮ್ಮ ಅಣ್ಣನ ಕಡೆ. ಅಕ್ಕತಂಗಿಯರನ್ನು ಕೇಳುವವರೇ ಇಲ್ಲ.

ಇಲ್ಲೇ ಇರುವುದು ಗಂಟು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೇ ಕಲಮಿನ ಪ್ರಕಾರ, ಮನೆಮಂದಿ ವಾಸವಿರುವ ಮನೆಯನ್ನು ಗಂಡುಮಕ್ಕಳು ತಾವಾಗಿ ಹಂಚಿಕೊಳ್ಳುವ ತನಕ ಹೆಣ್ಣುಮಗಳು ಹಿಸ್ಸೆ ಕೇಳುವಂತಿರಲಿಲ್ಲ. ಮದುವೆಯಾಗದವಳು, ಗಂಡ ಬಿಟ್ಟವಳು, ವಿಧವೆ ಅಲ್ಲಿ ಇರಬಹುದಿತ್ತು, ಅಷ್ಟೇ. ಕರ್ನಾಟಕ ಸರ್ಕಾರ 1994ರ ಜುಲೈ 30ರಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವರಿಗಿಲ್ಲ. 2005ರ ಸೆಪ್ಟೆಂಬರ್ 9ಕ್ಕೆ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಮದುವೆಯ ತಡೆಯನ್ನೂ ತೆಗೆಯಿತು, 23ನೇ ಕಲಮನ್ನೂ ಕಿತ್ತುಹಾಕಿತು. ಆ ದಿನಕ್ಕೆ ತಂದೆ ಬದುಕಿರಲೇಬೇಕೆಂದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ವಿಭಾಗ ಪತ್ರಗಳಿಗೆ ಮಾತ್ರ ಧಕ್ಕೆಯಿಲ್ಲ.

ಕಾನೂನು ಬಂದು ಇಷ್ಟು ವರ್ಷವಾದರೂ ಪದ್ಧತಿ ಬೇರೆಯೇ. ಗೌರಿ ಹಬ್ಬಕ್ಕೆ ಬಂದ ತಂಗಿಗೆ ಬಾಗಿನ, ಸೀರೆ. ಊಟ ಆದ ಮೇಲೆ ಹಕ್ಕು ಬಿಡುಗಡೆ ಪತ್ರ. "ಇಲ್ಲೊಂದು ಸೈನ್ ಹಾಕೇ, ಖಾತೆ ಮಾಡಿಸ್ಬೇಕು." ತವರಿನ ದಾರಿ ಮುಚ್ಚಿಹೋದೀತೆಂದು ಅವಳು ಓದದೆ ಹಾಕುತ್ತಾಳೆ. ಹಾಕದಿದ್ದವಳು ಜಗಳಗಂಟಿ! ಪೌತಿ ಖಾತೆಗೆ ವಂಶವೃಕ್ಷ ಬರೆಸುವಾಗ ಹೆಣ್ಣುಮಕ್ಕಳ ಹೆಸರೇ ಬಿಟ್ಟು, ಆಮೇಲೆ ಕೋರ್ಟು ಮೆಟ್ಟಿಲು ಹತ್ತಿದವರೂ ಇದ್ದಾರೆ. ಕೇಸು ಮುಗಿಯುವಷ್ಟರಲ್ಲಿ ಮಾಡು ಕೂತಿರುತ್ತದೆ.

ಅಂಗಳ ಮಾತ್ರ ಖಾಲಿ ಬೀಳುವುದಿಲ್ಲ. ಕೊಯ್ಲಿನ ದಿನಗಳಲ್ಲಿ ನೆರೆಮನೆಯವರು ತಮ್ಮ ಅಡಿಕೆ ತಂದು ಅಲ್ಲೇ ಹರವಿಕೊಳ್ಳುತ್ತಾರೆ.