ಕರುಳಿನ ಉರಿಯೂತದ ಔಷಧಗಳು: ಅಡ್ಡಪರಿಣಾಮಗಳನ್ನು ಗುರುತಿಸುವ ಬಗೆ

ದೀರ್ಘಕಾಲ ಔಷಧ ಸೇವಿಸುವ ರೋಗಿಗಳು ಸಾಮಾನ್ಯವಾಗಿ ಎರಡು ಬಗೆಯ ತಪ್ಪು ಮಾಡುವುದುಂಟು. ಹೊಸದಾಗಿ ಕಂಡ ತೊಂದರೆಯೆಲ್ಲ ರೋಗದ ಫಲವೆಂದೇ ತಿಳಿದು ಮೌನವಾಗಿ ಸಹಿಸಿಕೊಳ್ಳುವುದು ಒಂದು. ಔಷಧವೇ ಇದಕ್ಕೆ ಕಾರಣವೆಂದು ಭಾವಿಸಿ, ಯಾರನ್ನೂ ಕೇಳದೆ ಅದನ್ನು ನಿಲ್ಲಿಸಿಬಿಡುವುದು ಇನ್ನೊಂದು. ಕರುಳಿನ ಉರಿಯೂತದ ರೋಗಗಳಲ್ಲಿ ಇವೆರಡೂ ಅಪಾಯಕರ. ಯಾವ ಲಕ್ಷಣ ನಿರಪಾಯಕರ, ಯಾವುದು ಎಚ್ಚರಿಕೆಯ ಗಂಟೆ ಎಂಬುದನ್ನು ರೋಗಿಯೂ ಮನೆಯವರೂ ಅರಿತಿರುವುದು ಅಗತ್ಯ.

ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಕಾಯಿಲೆಗಳು ಈ ಗುಂಪಿನಲ್ಲಿ ಮುಖ್ಯವಾದವು. ಮೊದಲನೆಯದು ದೊಡ್ಡಕರುಳಿನ ಒಳಪದರವನ್ನು ಬಾಧಿಸುತ್ತದೆ; ಎರಡನೆಯದು ಜೀರ್ಣಾಂಗದ ಯಾವುದೇ ಭಾಗದಲ್ಲಿ ಕಾಣಿಸಿಕೊಳ್ಳಬಹುದು. ದೇಹದ ರೋಗನಿರೋಧಕ ವ್ಯವಸ್ಥೆಯ ಅತಿಯಾದ ಪ್ರತಿಕ್ರಿಯೆಯಿಂದ ಕರುಳಿನಲ್ಲಿ ಹುಣ್ಣಾಗಿ ಭೇದಿ, ರಕ್ತಸ್ರಾವ, ಹೊಟ್ಟೆನೋವು ಉಂಟಾಗುತ್ತವೆ. ಔಷಧಗಳಿಂದ ರೋಗವನ್ನು ಹತೋಟಿಯಲ್ಲಿಡಬಹುದು. ಆದರೆ ಚಿಕಿತ್ಸೆ ವರ್ಷಗಟ್ಟಲೆ ಮುಂದುವರಿಯಬೇಕಾಗುತ್ತದೆ.

ಸಲ್ಫಾಸಲಜೈನ್ ಮತ್ತು ಮೆಸಲಮೈನ್

ಸ್ವೀಡನ್ನಿನ ವೈದ್ಯೆ ನನ್ನಾ ಸ್ವಾರ್ಟ್ಸ್ ಅವರ ಸಂಶೋಧನೆಯ ಫಲವಾಗಿ 1940ರ ದಶಕದಲ್ಲಿ ಬಳಕೆಗೆ ಬಂದ ಸಲ್ಫಾಸಲಜೈನ್ ಇಂದಿಗೂ ಉಪಯೋಗದಲ್ಲಿದೆ. ಇದನ್ನು ಸೇವಿಸುವವರ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಬಹುದು, ಇದರಿಂದ ಗಾಬರಿಯಾಗಬೇಕಿಲ್ಲ. ತಲೆನೋವು, ವಾಕರಿಕೆ ಕಾಣಿಸಿದರೆ ವೈದ್ಯರು ಪ್ರಮಾಣವನ್ನು ಹೊಂದಿಸುತ್ತಾರೆ. ಪುರುಷರಲ್ಲಿ ವೀರ್ಯಾಣುಗಳ ಸಂಖ್ಯೆ ಕುಗ್ಗಬಹುದಾದರೂ, ಔಷಧ ಬದಲಿಸಿದ ಕೆಲವು ತಿಂಗಳಲ್ಲಿ ಅದು ಸರಿಹೋಗುತ್ತದೆ. ಸಲ್ಫಾ ಔಷಧಗಳು ಒಗ್ಗದವರು ಅದನ್ನು ಮೊದಲೇ ತಿಳಿಸಬೇಕು.

ಮೆಸಲಮೈನ್ ಬಹುಮಟ್ಟಿಗೆ ಸೌಮ್ಯವಾದ ಔಷಧ. ಆದರೂ ಕೆಲವರಲ್ಲಿ ಆರಂಭದ ವಾರಗಳಲ್ಲಿಯೇ ಭೇದಿ, ಹೊಟ್ಟೆನೋವು ಹೆಚ್ಚುತ್ತವೆ. ರೋಗವೇ ಉಲ್ಬಣಿಸಿತೆಂದು ತಿಳಿದು ಪ್ರಮಾಣವನ್ನು ತಾವಾಗಿಯೇ ಹೆಚ್ಚಿಸಿಕೊಂಡರೆ ತೊಂದರೆ ಬಿಗಡಾಯಿಸುತ್ತದೆ. ಅಪರೂಪವಾಗಿ ಮೂತ್ರಪಿಂಡಗಳಿಗೆ ಧಕ್ಕೆಯಾಗುವುದರಿಂದ ಆಗಾಗ ರಕ್ತಪರೀಕ್ಷೆ ಅವಶ್ಯ.

ಸ್ಟೆರಾಯ್ಡುಗಳು

ಪ್ರೆಡ್ನಿಸೊಲೋನ್‌ನಂತಹ ಸ್ಟೆರಾಯ್ಡುಗಳು ಉಲ್ಬಣಿಸಿದ ಉರಿಯೂತವನ್ನು ಬೇಗನೆ ಶಮನಗೊಳಿಸುತ್ತವೆ. ಹಸಿವು ಹೆಚ್ಚುವುದು, ಮುಖ ಊದಿಕೊಳ್ಳುವುದು, ಮೊಡವೆ, ನಿದ್ರಾಹೀನತೆ, ಮನಸ್ಸಿನ ಚಡಪಡಿಕೆ ಇವುಗಳ ಸಾಮಾನ್ಯ ಪರಿಣಾಮಗಳು. ರಕ್ತದ ಸಕ್ಕರೆ ಮತ್ತು ರಕ್ತದೊತ್ತಡ ಏರಬಹುದು. ಬಹುಕಾಲ ಸೇವಿಸಿದರೆ ಮೂಳೆಗಳು ಟೊಳ್ಳಾಗುತ್ತವೆ, ಕಣ್ಣಿನಲ್ಲಿ ಪೊರೆ ಬೆಳೆಯಬಹುದು. ಆದ್ದರಿಂದಲೇ ಇವು ದೀರ್ಘಕಾಲದ ಬಳಕೆಗೆ ತಕ್ಕವಲ್ಲ; ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಮತ್ತೆ ಮತ್ತೆ ಕೊಳ್ಳುವುದು ಸಲ್ಲದು.

ಹಾಗೆಂದು ಇವುಗಳನ್ನು ಥಟ್ಟನೆ ನಿಲ್ಲಿಸಲೂಬಾರದು. ಹೊರಗಿನಿಂದ ಸ್ಟೆರಾಯ್ಡು ದೊರೆಯುತ್ತಿರುವಾಗ ದೇಹದ ಅಡ್ರಿನಲ್ ಗ್ರಂಥಿಗಳು ತಮ್ಮ ಕೆಲಸವನ್ನು ತಗ್ಗಿಸಿಕೊಂಡಿರುತ್ತವೆ. ಒಮ್ಮೆಗೇ ನಿಲ್ಲಿಸಿದರೆ ತೀವ್ರ ನಿಶ್ಶಕ್ತಿ, ವಾಂತಿ, ರಕ್ತದೊತ್ತಡದ ಕುಸಿತ ಉಂಟಾಗಿ ಪ್ರಾಣಾಪಾಯ ಸಂಭವಿಸಬಹುದು. ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸುವುದೇ ಸರಿಯಾದ ಕ್ರಮ.

ಅಜಥಿಯೋಪ್ರಿನ್ ಮತ್ತು ಮೆಥೊಟ್ರೆಕ್ಸೇಟ್

ಅಜಥಿಯೋಪ್ರಿನ್ ರಕ್ತದ ಬಿಳಿ ಕಣಗಳನ್ನು ಕುಗ್ಗಿಸಬಲ್ಲದು. ಎನ್‌ಯುಡಿಟಿ15 ಎಂಬ ಜೀನಿನ ವ್ಯತ್ಯಾಸವುಳ್ಳವರಲ್ಲಿ ಈ ಅಪಾಯ ಹೆಚ್ಚು. ಭಾರತೀಯರೂ ಸೇರಿದಂತೆ ಏಷ್ಯಾದ ಜನರಲ್ಲಿ ಈ ವ್ಯತ್ಯಾಸ ಕಂಡುಬರುತ್ತದೆ. ಮೊದಲ ವಾರಗಳಲ್ಲಿ ಜ್ವರ, ಗಂಟಲುನೋವು, ಬಾಯಿಹುಣ್ಣು, ಒಮ್ಮೆಗೇ ಕೂದಲು ಉದುರುವಿಕೆ ಕಂಡರೆ ಕೂಡಲೇ ರಕ್ತಪರೀಕ್ಷೆ ಆಗಬೇಕು. ಮೇಲ್ಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಹರಡುವ ತೀವ್ರ ನೋವು ಮೇದೋಜೀರಕ ಗ್ರಂಥಿಯ ಉರಿಯೂತದ ಸೂಚನೆಯಾಗಿರಬಹುದು. ಕಣ್ಣು ಹಳದಿಯಾದರೆ ಯಕೃತ್ತಿನ ತೊಂದರೆಯನ್ನು ಶಂಕಿಸಬೇಕು. ಯೂರಿಕ್ ಆಮ್ಲ ತಗ್ಗಿಸಲು ಕೊಡುವ ಅಲೊಪ್ಯೂರಿನಾಲ್ ಜೊತೆಗೂಡಿದರೆ ಇದರ ವಿಷಪರಿಣಾಮ ಹೆಚ್ಚುವುದರಿಂದ, ಬೇರೆ ವೈದ್ಯರ ಬಳಿ ಹೋದಾಗಲೂ ಈ ಔಷಧದ ಹೆಸರನ್ನು ಹೇಳಬೇಕು.

ಮೆಥೊಟ್ರೆಕ್ಸೇಟ್ ವಾರಕ್ಕೆ ಒಮ್ಮೆ ಮಾತ್ರ ತೆಗೆದುಕೊಳ್ಳುವ ಔಷಧ. ತಪ್ಪಿ ದಿನವೂ ಸೇವಿಸಿದವರು ಪ್ರಾಣ ಕಳೆದುಕೊಂಡದ್ದುಂಟು. ನಿಗದಿಯಾದ ವಾರವನ್ನು ಚೀಟಿಯ ಮೇಲೆ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು. ಭ್ರೂಣಕ್ಕೆ ಹಾನಿ ಮಾಡುವುದರಿಂದ ಗರ್ಭಿಣಿಯರು ಇದನ್ನು ಸೇವಿಸಕೂಡದು. ಒಣಕೆಮ್ಮು, ಉಸಿರಾಟದ ಕಷ್ಟ ಕಾಣಿಸಿದರೆ ತಡಮಾಡದೆ ತಿಳಿಸಬೇಕು.

ಜೈವಿಕ ಔಷಧಗಳು

ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮ್ಯಾಬ್ ಮುಂತಾದವು ದೇಹದಲ್ಲಿ ಅಡಗಿರುವ ಕ್ಷಯವನ್ನು ಎಚ್ಚರಗೊಳಿಸಬಲ್ಲವು. ಕ್ಷಯ ಸಾಮಾನ್ಯವಾಗಿರುವ ನಮ್ಮ ದೇಶದಲ್ಲಿ ಇವನ್ನು ಆರಂಭಿಸುವ ಮುನ್ನ ಕ್ಷಯದ ಪರೀಕ್ಷೆ ಅನಿವಾರ್ಯ. ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ, ಮುಂದೆ ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕದ ಇಳಿಕೆ ಕಂಡುಬಂದರೆ ಉಪೇಕ್ಷಿಸಬಾರದು.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಹೆಚ್ಚಿನ ಜ್ವರ, ಮೈಯೆಲ್ಲ ದದ್ದು ಅಥವಾ ಬೊಬ್ಬೆ, ತುಟಿ, ನಾಲಿಗೆಯ ಊತ, ಉಸಿರು ಕಟ್ಟುವುದು, ಕಾಮಾಲೆ, ನಿಲ್ಲದ ವಾಂತಿ, ತೀವ್ರ ಹೊಟ್ಟೆನೋವು ಅಥವಾ ರಕ್ತಸ್ರಾವ. ಇವುಗಳಲ್ಲಿ ಯಾವುದೊಂದು ಕಾಣಿಸಿದರೂ ಮುಂದಿನ ಭೇಟಿಯ ದಿನಕ್ಕಾಗಿ ಕಾಯಬಾರದು. ಮುಂದಿನ ಗುಳಿಗೆ ತೆಗೆದುಕೊಳ್ಳಬೇಕೇ ಬೇಡವೇ ಎಂಬುದನ್ನೂ ಅಲ್ಲಿಯೇ ಕೇಳಬೇಕು.

ಬರೆದಿಡಿ, ವರದಿ ಮಾಡಿ

ಔಷಧದ ಹೆಸರು, ಪ್ರಮಾಣ, ಆರಂಭಿಸಿದ ದಿನ, ತೊಂದರೆ ಕಂಡ ದಿನ ಇವಿಷ್ಟನ್ನು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಪರಊರಿನಲ್ಲಿ, ಕನ್ನಡ ಬಾರದ ವೈದ್ಯರೆದುರು ಕುಳಿತಾಗ, ಈ ಪುಸ್ತಕವೂ ಗುಳಿಗೆಗಳ ಪಟ್ಟಿಯೂ ರೋಗಿಯ ಪರವಾಗಿ ಮಾತನಾಡುತ್ತವೆ.

ಭಾರತ ಸರ್ಕಾರವು 2010ರಲ್ಲಿ ಔಷಧ ಸುರಕ್ಷತೆಯ ನಿಗಾ ಕಾರ್ಯಕ್ರಮವನ್ನು ಆರಂಭಿಸಿತು. ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗವು ಇದರ ಸಮನ್ವಯ ಕೇಂದ್ರ. ರೋಗಿಗಳು ಸಹ 1800-180-3024 ಎಂಬ ಉಚಿತ ದೂರವಾಣಿಯ ಮೂಲಕ ಅಡ್ಡಪರಿಣಾಮಗಳನ್ನು ವರದಿ ಮಾಡಬಹುದು. ವರದಿಯ ನಮೂನೆಯು ಕನ್ನಡದಲ್ಲಿಯೂ ಇದೆ. ಔಷಧವೇ ಕಾರಣವೆಂದು ರೋಗಿಯು ಸಾಬೀತುಪಡಿಸಬೇಕಾಗಿಲ್ಲ, ಅನುಮಾನವಿದ್ದರೆ ಸಾಕು. ಒಬ್ಬರು ನೀಡಿದ ಮಾಹಿತಿಯು ಅದೇ ಔಷಧವನ್ನು ಸೇವಿಸುವ ಇನ್ನೊಬ್ಬರ ರಕ್ಷಣೆಗೆ ನೆರವಾಗುತ್ತದೆ.