ಲೆಸ್ಟರ್ ನಗರದಲ್ಲೊಂದು ಶಾಕಾಹಾರ ಪಂಕ್ತಿ

ಮಗ-ಸೊಸೆಯರೋ ಮಗಳು-ಅಳಿಯಂದಿರೋ ಇಂಗ್ಲೆಂಡಿನಲ್ಲಿ ನೆಲೆಸಿರುವ ಕುಟುಂಬಗಳು ಇಂದು ನಮ್ಮ ಸಮಾಜದಲ್ಲಿ ಕಡಮೆಯೇನಲ್ಲ. ಬೇಸಗೆಯ ಎರಡು-ಮೂರು ತಿಂಗಳನ್ನು ಅಲ್ಲಿ ಕಳೆದು ಮರಳುವ ಹಿರಿಯರು ಆ ನಾಡಿನ ಹಸುರನ್ನೂ ಬೀದಿಗಳ ಶುಚಿತ್ವವನ್ನೂ ಬಾಯಿತುಂಬ ಹೊಗಳುತ್ತಾರೆ. ಊಟದ ಮಾತು ಬಂದೊಡನೆ ಮಾತ್ರ ದನಿ ತಗ್ಗುತ್ತದೆ. ಮನೆಯಲ್ಲಿಯೇ ಉಂಡೆವು, ಹೊರಗೆ ಹೋದಾಗ ಬಾಳೆಹಣ್ಣು ತಿಂದೆವು ಎನ್ನುವವರೇ ಹೆಚ್ಚು. ಈಚೆಗೆ ಆ ದೇಶದ ನಡುನಾಡಿನ ಲೆಸ್ಟರ್ ನಗರದಲ್ಲಿ ಕೆಲವು ದಿನ ತಂಗುವ ಅವಕಾಶ ನಮಗೊದಗಿತ್ತು. ಅಲ್ಲಿ ಕಂಡುದನ್ನೂ ಉಂಡುದನ್ನೂ ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆನಿಸಿದೆ.

'ಇಂಡಿಯನ್ ರೆಸ್ಟೋರೆಂಟ್' ಎಂಬ ಫಲಕ ಬ್ರಿಟನ್ನಿನ ಯಾವ ಸಣ್ಣ ಪಟ್ಟಣದಲ್ಲಿಯೂ ಕಣ್ಣಿಗೆ ಬೀಳುತ್ತದೆ. ಇದಕ್ಕೆ ಎರಡು ಶತಮಾನಗಳ ಇತಿಹಾಸವುಂಟು. ಪಾಟ್ನಾದಲ್ಲಿ ಹುಟ್ಟಿ ಕಂಪನಿಯ ಸೈನ್ಯದಲ್ಲಿದ್ದ ದೀನ್ ಮಹಮ್ಮದ್ ಎಂಬಾತನು 1810ರಲ್ಲಿ ಲಂಡನ್ನಿನ ಜಾರ್ಜ್ ಬೀದಿಯಲ್ಲಿ 'ಹಿಂದೂಸ್ತಾನೀ ಕಾಫಿ ಹೌಸ್' ತೆರೆದನು. ಎರಡೇ ವರ್ಷದಲ್ಲಿ ದಿವಾಳಿಯಾದನು. 1926ರಲ್ಲಿ ರೀಜೆಂಟ್ ಬೀದಿಯಲ್ಲಿ ಆರಂಭವಾದ 'ವೀರಸ್ವಾಮಿ' ಶ್ರೀಮಂತರ ಭೋಜನಶಾಲೆಯಾಯಿತು. ಇಂದು ಊರೂರಿನಲ್ಲಿ ಕಾಣುವ 'ಕರಿ ಹೌಸ್'ಗಳಾದರೋ ಬಹುತೇಕ ಬಾಂಗ್ಲಾದೇಶದ ಸಿಲ್ಹಟ್ ಪ್ರಾಂತದಿಂದ ಹೋದ ಶ್ರಮಜೀವಿಗಳು ಕಟ್ಟಿದಂಥವು. ಅವರ ದುಡಿಮೆಯ ಬಗೆಗೆ ನಮಗೆ ಗೌರವವಿದೆ. ಆದರೆ ಅಲ್ಲಿಯ ಪಾಕಕ್ರಮ ಬೇರೆ. ಈರುಳ್ಳಿಯ ಒಂದೇ ಮೂಲರಸವನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಿಟ್ಟು, ಗಿರಾಕಿ ಕೇಳಿದಂತೆ ಅದಕ್ಕೆ ಕೆನೆಯನ್ನೋ ಖಾರವನ್ನೋ ಬೆರೆಸುತ್ತಾರೆ. ಕೋರ್ಮಾ, ಮದ್ರಾಸ್, ವಿಂದಾಲೂ ಎಂಬವು ಅಲ್ಲಿ ಊರಿನ ಅಥವಾ ಅಡುಗೆಯ ಹೆಸರುಗಳಾಗಿ ಉಳಿದಿಲ್ಲ, ಖಾರದ ಮೆಟ್ಟಿಲುಗಳಾಗಿವೆ. ಮದರಾಸಿನವರು ಆ 'ಮದ್ರಾಸ್ ಕರಿ'ಯನ್ನು ಉಂಡರೆ ಯಾವ ದೇಶದ್ದೆಂದು ಕೇಳಿಯಾರು! ತರಕಾರಿಯ ಪದಾರ್ಥ ಪಕ್ಕದ ತಟ್ಟೆಯ ಸ್ಥಾನದಲ್ಲಿರುತ್ತದೆ; ಅದೇ ಬಾಣಲೆ, ಅದೇ ಸೌಟು.

ನಮ್ಮೊಡನಿದ್ದವರು ಬಾಗಲಕೋಟೆ ಕಡೆಯ ಒಬ್ಬ ನಿವೃತ್ತ ಶಿಕ್ಷಕರು. ಮಗನ ಮನೆಗೆ ಬಂದು ಮೂರು ವಾರವಾಗಿತ್ತು. ಬಂದ ಮೊದಲ ವಾರದಲ್ಲಿಯೇ ಬೇರೊಂದು ಪಟ್ಟಣದ ಭೋಜನಾಲಯದಲ್ಲಿ ತರಕಾರಿ ಬಿರಿಯಾನಿಯೆಂದು ಬಡಿಸಿದ ತಟ್ಟೆಯಲ್ಲಿ ಎಲುಬಿನ ಚೂರೊಂದನ್ನು ಕಂಡು ಎದ್ದುಬಂದಿದ್ದರು. ಅಂದಿನಿಂದ ಹೊರಗಿನ ನೀರನ್ನೂ ಮುಟ್ಟಿರಲಿಲ್ಲ. ತಂದೆಯ ಹಟಕ್ಕೆ ಮಗನೂ ನೊಂದಿದ್ದನು. ಮೊಮ್ಮಗಳ ಹುಟ್ಟುಹಬ್ಬದಂದು ಕುಟುಂಬವೆಲ್ಲ ಒಂದೆಡೆ ಕುಳಿತು ಉಣ್ಣುವುದು ಸಾಧ್ಯವೇ ಎಂಬುದು ಆ ಮನೆಯಲ್ಲಿ ದೊಡ್ಡ ಪ್ರಶ್ನೆಯಾಗಿತ್ತು. ಬೆಲ್‌ಗ್ರೇವ್ ರಸ್ತೆಗೆ ಹೋಗೋಣವೆಂದು ನಿರ್ಧಾರವಾದದ್ದು ಹೀಗೆ.

ಬೆಲ್‌ಗ್ರೇವ್ ರಸ್ತೆಯನ್ನು ಜನ 'ಗೋಲ್ಡನ್ ಮೈಲ್' ಎನ್ನುತ್ತಾರೆ. ಬಂಗಾರದ ಅಂಗಡಿಗಳು, ಸೀರೆಯ ಅಂಗಡಿಗಳು, ಮಿಠಾಯಿಯ ಅಂಗಡಿಗಳು, ಗುಜರಾತಿ ಮಾತು. ದೀಪಾವಳಿಯಲ್ಲಿ ಇಡೀ ಬೀದಿಗೆ ದೀಪಮಾಲೆ ತೊಡಿಸುತ್ತಾರೆ. ಈ ವೈಭವದ ಹಿಂದಿರುವ ಕಷ್ಟದ ಕಥೆಯನ್ನು ಅರಿಯದೆ ಅಲ್ಲಿ ಉಣ್ಣಬಾರದೆಂದು ನಮಗೆ ತೋರುತ್ತದೆ.

1972ರ ಆಗಸ್ಟಿನಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನನು ಅಲ್ಲಿಯ ಏಷ್ಯಾ ಮೂಲದವರೆಲ್ಲ 90 ದಿನಗಳಲ್ಲಿ ದೇಶ ಬಿಡತಕ್ಕದ್ದೆಂದು ಆಜ್ಞೆ ಹೊರಡಿಸಿದನು. ತಲೆಮಾರುಗಳಿಂದ ಅಂಗಡಿ, ಗಿರಣಿ, ತೋಟಗಳನ್ನು ಕಟ್ಟಿದ್ದವರು ಕೈಯಲ್ಲಿ ಸುಮಾರು 50 ಪೌಂಡುಗಳನ್ನಷ್ಟೇ ಹಿಡಿದು ಹೊರಡಬೇಕಾಯಿತು. ಬ್ರಿಟನ್ನಿಗೆ ಬಂದವರು ಸುಮಾರು 28,000 ಮಂದಿ. ಆಗ ಲೆಸ್ಟರಿನ ನಗರಾಡಳಿತವು ಉಗಾಂಡದ ಪತ್ರಿಕೆಯಲ್ಲಿಯೇ ಜಾಹೀರಾತು ಕೊಟ್ಟು, ಮನೆಗಳಿಲ್ಲ, ಶಾಲೆಗಳು ತುಂಬಿವೆ, ನಮ್ಮ ಊರಿಗೆ ಬರಬೇಡಿರೆಂದು ತಿಳಿಸಿತು. ಬರಬೇಡಿರೆಂದವರ ಊರಿಗೇ ಸಾವಿರಾರು ಜನ ಬಂದರು. ಆ ಜಾಹೀರಾತೇ ಊರಿನ ಹೆಸರನ್ನು ಪ್ರಚಾರ ಮಾಡಿತೆಂದು ಅಲ್ಲಿಯವರು ಇಂದು ನಗುತ್ತಾರೆ. ಕಂಪಾಲದಲ್ಲಿ ಅಂಗಡಿಯ ಗಾದಿಯ ಮೇಲೆ ಕುಳಿತಿದ್ದವರು ಇಲ್ಲಿ ಕಾರ್ಖಾನೆಯ ಪಾಳಿಗೆ ಹೋದರು. ಹೆಣ್ಣುಮಕ್ಕಳು ಹೆಣಿಗೆಯ ಬಟ್ಟೆಗಳ ಗಿರಣಿ ಸೇರಿದರು. 1974ರಲ್ಲಿ ಇಂಪೀರಿಯಲ್ ಟೈಪ್‌ರೈಟರ್ಸ್ ಕಾರ್ಖಾನೆಯ ಏಷ್ಯಾ ಮೂಲದ ಕಾರ್ಮಿಕರು ತಾರತಮ್ಯದ ವಿರುದ್ಧ ಮುಷ್ಕರ ಹೂಡಿದ್ದೂ ಇದೇ ಊರಿನಲ್ಲಿ. 1976ರಲ್ಲಿ ಈ ರಸ್ತೆಯ ಪ್ರಸಿದ್ಧ ಶಾಕಾಹಾರಿ ಭೋಜನಾಲಯ 'ಬಾಬೀಸ್' ಆರಂಭವಾಯಿತು. 1988ರಲ್ಲಿ ಆಕ್ಸ್‌ಫರ್ಡ್ ಬೀದಿಯ ಹಳೆಯ ಇಗರ್ಜಿಯೊಂದು ಅಮೃತಶಿಲೆಯ ಜೈನ ಮಂದಿರವಾಗಿ ಪ್ರತಿಷ್ಠೆಗೊಂಡಿತು. 2021ರ ಜನಗಣತಿಯಲ್ಲಿ ನಗರದ ಶೇಕಡಾ 34ರಷ್ಟು ಜನ ತಮ್ಮನ್ನು ಭಾರತೀಯ ಮೂಲದವರೆಂದು ಬರೆಯಿಸಿದ್ದಾರೆ.

ನಾವು ಹೊಕ್ಕ ಭೋಜನಾಲಯ ದೊಡ್ಡದೇನಲ್ಲ. ಶನಿವಾರವಾದುದರಿಂದ ಬಾಗಿಲಾಚೆಗೂ ಸಾಲು ನಿಂತಿತ್ತು. ಅದರಲ್ಲಿ ಆಂಗ್ಲರೂ ಇದ್ದರು. ಶಿಕ್ಷಕರು ಕುಳಿತುಕೊಳ್ಳಲೊಪ್ಪದೆ ನಿಂತೇ ಕೇಳಿದರು: ಒಳಗೆ ಮಾಂಸವುಂಟೆ? ತತ್ತಿಯುಂಟೆ? ಬಡಿಸುವ ತಾಯಿ ಬೇಸರಿಸಲಿಲ್ಲ. ಅಡುಗೆಮನೆಯ ಬಾಗಿಲನ್ನೇ ತೆರೆದು ತೋರಿಸಿ, ಇಲ್ಲಿ ಎರಡೂ ಹೊಸ್ತಿಲು ದಾಟಿಲ್ಲ, ಬೇಕಿದ್ದರೆ ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಅಡುಗೆಯೂ ಇದೆ ಎಂದು ಹಿಂದಿಯಲ್ಲಿ ಹೇಳಿದರು. ಇಷ್ಟಾದ ಮೇಲೆ ಹಿರಿಯರು ಕುಳಿತರು.

ಉಕ್ಕಿನ ತಾಟುಗಳು ಬಂದವು. ಢೋಕ್ಲಾ, ಕೆಸವಿನ ಎಲೆಗೆ ಕಡಲೆಹಿಟ್ಟು ಸವರಿ ಸುತ್ತಿ ಬೇಯಿಸಿದ ಪಾತ್ರಾ, ಮಜ್ಜಿಗೆಯ ಕಢಿ, ಖಿಚಡಿ, ಸುಟ್ಟ ಬದನೆಕಾಯಿಯ ಪಲ್ಯ, ಅದರೊಡನೆ ಸಜ್ಜೆಯ ರೋಟ್ಲಾ. ರೊಟ್ಟಿಯನ್ನು ಮುರಿದು ನೋಡಿದ ಶಿಕ್ಷಕರು, "ಇದು ನಮ್ಮ ಸಜ್ಜಿ ರೊಟ್ಟೀನೇ ಬಿಡ್ರಿ, ಸ್ವಲ್ಪ ದಪ್ಪ ಆಗೇತಿ" ಎಂದರು. ಬೇಳೆಯಲ್ಲಿ ಬೆಲ್ಲ ಹಾಕಿದ್ದು ಅವರಿಗೆ ಹಿಡಿಸಲಿಲ್ಲ (ನಮಗೂ ಅಷ್ಟಕ್ಕಷ್ಟೆ). ಕೇಳಿದೊಡನೆ ಎಣ್ಣೆಯಲ್ಲಿ ಹುರಿದ ಹಸಿಮೆಣಸಿನಕಾಯಿ ತಂದಿಟ್ಟರು. ಎಲ್ಲಕ್ಕಿಂತ ನಮ್ಮ ಗಮನ ಸೆಳೆದದ್ದು 'ಮೋಗೊ'. ಮರಗೆಣಸನ್ನು ಕತ್ತರಿಸಿ ಕರಿದು ಮೆಣಸಿನಪುಡಿ-ನಿಂಬೆರಸ ಹಾಕಿದ ತಿನಿಸು. ಹೆಸರು ಸ್ವಾಹಿಲಿ ಭಾಷೆಯದು, ಗೆಡ್ಡೆ ಆಫ್ರಿಕಾದ ನಿತ್ಯಾಹಾರ, ಒಗ್ಗರಣೆಯ ಕೈ ಗುಜರಾತಿನದು. ಗಡೀಪಾರಾದವರು ಆಸ್ತಿಯನ್ನು ಬಿಟ್ಟುಬಂದರೂ ಈ ರುಚಿಯನ್ನು ನಾಲಿಗೆಯಲ್ಲಿ ತಂದಿದ್ದರು. ಅದನ್ನು ಯಾವ ಸೈನಿಕನೂ ಜಪ್ತಿ ಮಾಡಲಾಗಲಿಲ್ಲ. ಮೊಮ್ಮಗಳು ಅದನ್ನೇ ಎರಡು ತಟ್ಟೆ ತಿಂದಳು. ತಾತನು ಶ್ರೀಖಂಡವನ್ನು ಎರಡನೆಯ ಸಲ ಬೇಡಿದ್ದನ್ನು ಕಂಡು ಮಗನ ಕಣ್ಣು ತುಂಬಿದುದನ್ನು ನಾವು ಗಮನಿಸಿದರೂ ಗಮನಿಸದಂತಿದ್ದೆವು.

ಅಲ್ಲಿಗೆ ಹೋಗುವ ಬಂಧುಗಳಿಗೆ ಉಪಯೋಗವಾಗುವ ಕೆಲವು ಸಂಗತಿಗಳಿವೆ. ಬ್ರಿಟನ್ನಿನಲ್ಲಿ 'ವೆಜಿಟೇರಿಯನ್' ಎಂಬ ಮಾತು ತತ್ತಿಯನ್ನು ಹೊರತುಪಡಿಸುವುದಿಲ್ಲ. ಕೇಕಿನಲ್ಲಿ ಇರುವುದು ಸರಿಯೇ, ಕೆಲವೆಡೆ ನಾನ್ ರೊಟ್ಟಿಯ ಹಿಟ್ಟಿನಲ್ಲಿಯೂ ಇರುತ್ತದೆ. 2014ರ ಡಿಸೆಂಬರಿನಿಂದ ಅಲರ್ಜಿ ತರಬಲ್ಲ 14 ಪದಾರ್ಥಗಳ ಬಗೆಗೆ ಮಾಹಿತಿ ಕೊಡುವುದು ಅಲ್ಲಿಯ ಭೋಜನಾಲಯಗಳಿಗೆ ಕಡ್ಡಾಯವಾಗಿದೆ. ತತ್ತಿ, ಹಾಲು, ಮೀನು ಆ ಪಟ್ಟಿಯಲ್ಲಿವೆ. ಆದ್ದರಿಂದ ತತ್ತಿಯ ಪ್ರಶ್ನೆಗೆ ಉತ್ತರ ಕೇಳುವುದು ಸಂಕೋಚದ ವಿಷಯವಲ್ಲ, ಗಿರಾಕಿಯ ಹಕ್ಕು. ಆದರೆ ಪ್ರಾಣಿಗಳ ಎಲುಬು-ಚರ್ಮಗಳಿಂದ ತೆಗೆಯುವ ಜೆಲಟಿನ್ ಪಟ್ಟಿಯಲ್ಲಿಲ್ಲ. ಕೆಲವು ಚೀಸುಗಳಿಗೆ ಬಳಸುವ, ಕರುವಿನ ಜಠರದ ರೆನೆಟ್ ಕೂಡ ಇಲ್ಲ. ಇವನ್ನು ಪ್ರತ್ಯೇಕವಾಗಿಯೇ ಕೇಳಬೇಕು. ಪನೀರನ್ನು ನಿಂಬೆರಸ ಮೊದಲಾದ ಹುಳಿಯಿಂದ ಒಡೆಸುವುದರಿಂದ ಆ ಆತಂಕವಿಲ್ಲ. ಆಲೂಗಡ್ಡೆಯ ಚಿಪ್ಸನ್ನು ಮೀನು ಕರಿದ ಎಣ್ಣೆಯಲ್ಲಿಯೇ ಕರಿಯುವುದುಂಟು. ಮಕ್ಕಳಿಗೆ ಕೊಡಿಸುವ ಮುನ್ನ ವಿಚಾರಿಸುವುದೊಳಿತು. ಬಾಗಿಲಿನ ಮೇಲೆ ಸೊನ್ನೆಯಿಂದ ಐದರವರೆಗಿನ ಅಂಕವಿರುವ ಹಸುರು-ಕಪ್ಪು ಚೀಟಿ ಕಂಡರೆ ಅದು ನೈರ್ಮಲ್ಯ ತಪಾಸಣೆಯ ಫಲಿತಾಂಶ. ಐದು ಅತ್ಯುತ್ತಮ. ವೇಲ್ಸಿನಲ್ಲಿ ಅದನ್ನು ತೂಗುಹಾಕುವುದು ಕಡ್ಡಾಯ, ಇಂಗ್ಲೆಂಡಿನಲ್ಲಿ ಐಚ್ಛಿಕ.

ಲೆಕ್ಕದ ಚೀಟಿಯಲ್ಲಿ 'ಸರ್ವಿಸ್ ಚಾರ್ಜ್' ಎಂದು ಶೇಕಡಾ ಹತ್ತೋ ಹನ್ನೆರಡೋ ಸೇರಿಸುವ ರೂಢಿ ಹಲವೆಡೆಯಿದೆ. ಸಾಮಾನ್ಯವಾಗಿ ಅದು ಐಚ್ಛಿಕವಾದುದು, ಬೇಡವೆನ್ನಲು ಅಡ್ಡಿಯಿಲ್ಲ. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ಆ ಹಣವನ್ನು ಮಾಲೀಕರು ಇರಿಸಿಕೊಳ್ಳದೆ ದುಡಿದವರಿಗೇ ಹಂಚಬೇಕು. ನಾವುಂಡ ಕಡೆ ಅಂಥದೇನೂ ಸೇರಿಸಿರಲಿಲ್ಲ. ಕಾಯಕದವರ ಪಾಲೆಂದು ಶಿಕ್ಷಕರೇ ಐದು ಪೌಂಡಿನ ನೋಟೊಂದನ್ನು ತಾಟಿನ ಬದಿಯಲ್ಲಿಟ್ಟರು. ಬರುವ ಭಾನುವಾರ ಎಷ್ಟು ಗಂಟೆಗೆ ತೆರೆಯುವಿರೆಂದು ಆ ತಾಯಿಯನ್ನು ಕೇಳಿ, ಹೇಳಿದ ವೇಳೆಯನ್ನು ಕಿಸೆಯ ಡೈರಿಯಲ್ಲಿ ಬರೆದುಕೊಂಡರು.