ಗುರಿ ತಪ್ಪದ ಬಾಂಬು



2025ರ ಮೇ 7ರ ನಸುಕಿನಲ್ಲಿ ಆಪರೇಷನ್ ಸಿಂಧೂರ ನಡೆದಾಗ, ನಾಗರಿಕರಿಗೆ ಹಾನಿಯಾಗದಂತೆ ಆಯುಧಗಳನ್ನು ಆರಿಸಿದೆವೆಂದು ನಮ್ಮ ಸರ್ಕಾರ ತಿಳಿಸಿತು. ನಾಗರಿಕರು ಸತ್ತರೆಂದು ಪಾಕಿಸ್ತಾನ ಹೇಳಿತು. ಹಾಗಾದರೆ ಈ 'ನಿಖರ ದಾಳಿ' ಎಂದರೇನು?

ಬೆಳ್ಳೂರಿನ ಕಡೆಯವರಾದ ನಾವು ಶ್ರೀರಂಗಪಟ್ಟಣದ ರಾಕೆಟ್ಟುಗಳ ಕಥೆ ಕೇಳಿಯೇ ಬೆಳೆದವರು. ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಬಿದಿರಿಗೆ ಕಟ್ಟಿ ಹಾರಿಸುತ್ತಿದ್ದರು. ಎಲ್ಲಿ ಬೀಳುವುದೆಂದು ಹಾರಿಸಿದವನಿಗೂ ಖಚಿತವಿರಲಿಲ್ಲ. ವಿಮಾನದ ಬಾಂಬೂ ಬಹುಕಾಲ ಹಾಗೆಯೇ ಇತ್ತು. ಎರಡನೆಯ ಮಹಾಯುದ್ಧದಲ್ಲಿ ನಗರಗಳೇ ಉರಿದುಹೋದವು. ಹೀಗೆ ಇಡೀ ನಗರಗಳನ್ನು ವಿವೇಚನೆಯಿಲ್ಲದೆ ನಾಶಮಾಡುವುದು ದೇವರಿಗೂ ಮಾನವನಿಗೂ ಎಸಗುವ ಅಪರಾಧವೆಂದು 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಖಂಡಿಸಿತು.

ಈಗಿನ ಬಾಂಬಿಗೆ ಕಣ್ಣಿದೆ. ಬೆಂಗಳೂರಿನ ಎ.ಡಿ.ಇ. ಸಂಸ್ಥೆ ರೂಪಿಸಿದ 'ಸುದರ್ಶನ'ವನ್ನೇ ನೋಡೋಣ. 450 ಕೆ.ಜಿ.ಯ ಸಾಧಾರಣ ಬಾಂಬಿನ ಮೂತಿಗೆ ಲೇಸರ್ ಬೆಳಕನ್ನು ಗುರುತಿಸುವ ಉಪಕರಣ ಜೋಡಿಸುತ್ತಾರೆ, ಜೊತೆಗೆ ತಿರುಗುವ ರೆಕ್ಕೆಗಳು. ಗುರಿಯ ಮೇಲೆ ಲೇಸರ್ ಹಾಯಿಸಿದರೆ, ಅಲ್ಲಿಂದ ಚಿಮ್ಮಿ ಬರುವ ಬೆಳಕನ್ನು ಹಿಡಿದು ಬಾಂಬು ತನ್ನ ದಾರಿ ತಿದ್ದಿಕೊಳ್ಳುತ್ತಾ ಇಳಿಯುತ್ತದೆ; ಹತ್ತು ಮೀಟರಿನ ಆಸುಪಾಸಿನಲ್ಲೇ ಬೀಳುತ್ತದೆ. ಮೋಡ, ಹೊಗೆ ಅಡ್ಡ ಬಂದರೆ ಲೇಸರ್ ಕೆಲಸಕ್ಕೆ ಬಾರದು. ಅದಕ್ಕಾಗಿ ಉಪಗ್ರಹದ ನೆರವಿನಿಂದ ಸಾಗುವ ಬಾಂಬುಗಳೂ ಇವೆ. ಆದರೆ ನೆಟ್ಟಗೆ ಬಿದ್ದರೂ 450 ಕೆ.ಜಿ.ಯ ಬಾಂಬು ಒಂದೇ ಮನೆಗೆ ನಿಲ್ಲುವುದಿಲ್ಲ, ಅಕ್ಕಪಕ್ಕದ ಗೋಡೆಗಳನ್ನೂ ಕೆಡವುತ್ತದೆ.

ಇನ್ನೂ ಕಷ್ಟದ ಮಾತು ಬೇರೆಯಿದೆ. 1991ರ ಫೆಬ್ರವರಿ 13ರಂದು ಬಾಗ್ದಾದಿನ ಅಮೀರಿಯಾ ಆಶ್ರಯತಾಣದ ಮೇಲೆ ಅಮೆರಿಕದ ಎರಡು ಲೇಸರ್ ಬಾಂಬುಗಳು ಬಿದ್ದವು. ಗುರಿ ಎಳ್ಳಷ್ಟೂ ತಪ್ಪಲಿಲ್ಲ. ಸೇನೆಯ ನೆಲೆಯೆಂದು ಭಾವಿಸಿದ ಆ ಕಟ್ಟಡದಲ್ಲಿ ಮಲಗಿದ್ದವರು ತಾಯಂದಿರು, ಮಕ್ಕಳು. 400ಕ್ಕೂ ಹೆಚ್ಚು ಮಂದಿ ಸತ್ತರು. 2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ, ಬಾಂಬು ಸಾಗಿಸುತ್ತಿದೆಯೆಂದು ನಂಬಿ ಒಂದು ಬಿಳಿ ಕಾರಿಗೆ ಡ್ರೋನಿನಿಂದ ಕ್ಷಿಪಣಿ ಹೊಡೆದರು. ಅದು ಪರಿಹಾರ ಸಂಸ್ಥೆಯೊಂದರ ನೌಕರನ ಕಾರು. ಏಳು ಮಕ್ಕಳೂ ಸೇರಿ ಸತ್ತವರು 10 ಮಂದಿ. ಸರಿಯಾದ ದಾಳಿಯೆಂದು ಮೊದಲು ಹೇಳಿದ ಅಮೆರಿಕದ ಸೇನೆ, ಮೂರು ವಾರದೊಳಗೆ ತಪ್ಪೊಪ್ಪಿಕೊಂಡಿತು.

ಹಳೆಯ ಬಾಂಬೇ ಮೇಲೆಂದು ನಾವು ಹೇಳುತ್ತಿಲ್ಲ. ಹೊಸದರಿಂದ ಉಳಿದ ಜೀವಗಳು ಉಂಟು. ಆದರೆ ನಿಖರವಾಗಿದೆ ಎಂಬ ಧೈರ್ಯದಿಂದಲೇ, ಹಿಂದೆ ಬಾಂಬು ಹಾಕಲು ಹಿಂಜರಿಯುತ್ತಿದ್ದ ಕೇರಿಯೊಳಕ್ಕೂ ಈಗ ಹಾಕುವುದುಂಟು. ಲೇಸರ್ ಬಾಂಬಿಗೆ ಮನೆ ಯಾವುದೆಂದು ತೋರಿಸುತ್ತದೆ, ಒಳಗೆ ಯಾರಿದ್ದಾರೆಂದಲ್ಲ. ಅದನ್ನು ತಿಳಿಯಬೇಕಾದವರು ಹೊಡೆಯಲು ಅಪ್ಪಣೆ ಕೊಡುವವರು. ಮುಂದಿನ ಸಲ ಟಿ.ವಿ.ಯಲ್ಲಿ 'ನಿಖರ ದಾಳಿ' ಎಂದಾಗ ನಾವು ಕೇಳೋಣ: ಆ ಮನೆಯನ್ನು ಎಷ್ಟು ಹೊತ್ತು ಕಾದು ನೋಡಿದ್ದರು?